ಅಮೆರಿಕದ ಆದಾಯ ತೆರಿಗೆ: ಯಾರ ಪಾಲು ಎಷ್ಟು, ಯಾವುದು ನ್ಯಾಯ?

ಅಮೆರಿಕದಲ್ಲಿ ಏಪ್ರಿಲ್ 15 ಎಂದರೆ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಆ ದಿನ ಹತ್ತಿರ ಬಂದಾಗಲೂ, ಚುನಾವಣೆ ಬಂದಾಗಲೂ ಅಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಶ್ರೀಮಂತರು ತಮ್ಮ ‘ನ್ಯಾಯವಾದ ಪಾಲು’ ಕೊಡುತ್ತಿಲ್ಲ. ಇದಕ್ಕೆ ಉತ್ತರವಾಗಿ ಎದುರು ಪಕ್ಷದವರು, ಶ್ರೀಮಂತರೇ ಎಲ್ಲರ ಪಾಲನ್ನೂ ಹೊರುತ್ತಿದ್ದಾರೆ, ದೇಶದ ಅರ್ಧ ಜನ ಏನನ್ನೂ ಕೊಡುತ್ತಿಲ್ಲ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಅಂಕಿಅಂಶಗಳಿವೆ. ಸೋಜಿಗವೆಂದರೆ ಇಬ್ಬರ ಅಂಕಿಗಳೂ ಬಹುಮಟ್ಟಿಗೆ ಸರಿಯಾಗಿಯೇ ಇವೆ.

ನಮ್ಮ ಕರಾವಳಿಯ ಓದುಗರಿಗೆ ಇದು ಸಂಬಂಧವಿಲ್ಲದ ಜಗಳವೇನಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಕುಟುಂಬಗಳ ಮಕ್ಕಳು ಅಲ್ಲಿ ನರ್ಸ್‌ಗಳಾಗಿ, ಇಂಜಿನಿಯರುಗಳಾಗಿ, ವೈದ್ಯರಾಗಿ ದುಡಿಯುತ್ತಿದ್ದಾರೆ. ಗಲ್ಫ್‌ನಲ್ಲಿ ದುಡಿದು ಬಂದ ತಂದೆಗೆ ಸಂಬಳದಿಂದ ಆದಾಯ ತೆರಿಗೆ ಕಡಿಯುವುದೆಂದರೇನೆಂದು ಗೊತ್ತಿರಲಿಲ್ಲ. ಅಮೆರಿಕಕ್ಕೆ ಹೋದ ಮಗಳ ಸಂಬಳದ ಚೀಟಿಯಲ್ಲಿ ಕಡಿತದ ಸಾಲುಗಳೇ ನಾಲ್ಕೈದು. ‘ಇಷ್ಟು ಕಡಿದರೆ ಉಳಿಯುವುದೇನು’ ಎಂದು ತಂದೆ ಕೇಳುವುದು ಸಹಜ. ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ‘ಯಾರಿಂದ ಎಷ್ಟು ಕಡಿಯುವುದು ನ್ಯಾಯ’ ಎಂದು ಕೇಳಿದರೆ ಅದು ಲೆಕ್ಕದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ, ನೀತಿಯ ಪ್ರಶ್ನೆಯಾಗುತ್ತದೆ. ಧರ್ಮಸಭೆಗೆ ಈ ವಿಷಯದಲ್ಲಿ ಹೇಳಲು ಸಾಕಷ್ಟಿದೆ. ಆದರೆ ಮೊದಲು ಲೆಕ್ಕ ತಿಳಿದುಕೊಳ್ಳೋಣ. ಲೆಕ್ಕ ತಿಳಿಯದೆ ನೀತಿ ಹೇಳುವುದು ಪ್ರವಚನ ಪೀಠದ ಹಳೆಯ ದೌರ್ಬಲ್ಯ.

ಶೇಕಡಾ 1ರಿಂದ 94ರವರೆಗೆ

ಅಮೆರಿಕದ ಫೆಡರಲ್ ಸರಕಾರ, ಅಂದರೆ ಅಲ್ಲಿನ ಕೇಂದ್ರ ಸರಕಾರ, ಆದಾಯದ ಮೇಲೆ ಮೊದಲು ತೆರಿಗೆ ಹಾಕಿದ್ದು ಅಂತರ್ಯುದ್ಧದ ಖರ್ಚಿಗಾಗಿ. ಯುದ್ಧ ಮುಗಿದು ಕೆಲ ವರ್ಷಗಳಲ್ಲಿ ಅದು ನಿಂತುಹೋಯಿತು. 1894ರಲ್ಲಿ ಮತ್ತೆ ಕಾನೂನು ಮಾಡಿದರೆ ಮರುವರ್ಷವೇ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೊನೆಗೆ 1913ರಲ್ಲಿ ಸಂವಿಧಾನಕ್ಕೆ 16ನೇ ತಿದ್ದುಪಡಿ ತಂದು ಆದಾಯ ತೆರಿಗೆಗೆ ಭದ್ರ ತಳಪಾಯ ಹಾಕಲಾಯಿತು. ಆಗಿನ ದರ ಶೇ. 1ರಿಂದ ಆರಂಭವಾಗಿ ಅತಿ ಹೆಚ್ಚೆಂದರೆ ಶೇ. 7. ಅದೂ ಶೇ. 7 ಬೀಳುತ್ತಿದ್ದುದು 5 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ. ಅಂದಿನ ಕಾಲಕ್ಕೆ ಅದು ಅರಸರ ಆದಾಯ.

ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ, ಅತ್ಯುನ್ನತ ದರ ಶೇ. 94ಕ್ಕೇರಿತು. 1950ರ ದಶಕದಲ್ಲೂ ಅದು ಶೇ. 91ರ ಆಸುಪಾಸಿನಲ್ಲೇ ಇತ್ತು. ರೀಗನ್ ಕಾಲದ ಸುಧಾರಣೆಯ ನಂತರ 1988ರಲ್ಲಿ ಶೇ. 28ಕ್ಕೆ ಇಳಿಯಿತು. 2018ರಿಂದ ಅದು ಶೇ. 37. ಈ ದರಗಳನ್ನು 2025ರ ಜುಲೈ 4ರಂದು ಸಹಿಯಾದ ಕಾನೂನು ಕಾಯಂಗೊಳಿಸಿದೆ.

‘ಹಿಂದೆ ಶ್ರೀಮಂತರು ಶೇ. 91 ಕೊಡುತ್ತಿದ್ದರು’ ಎಂದು ಕೆಲವರು ಭಾಷಣ ಮಾಡುವುದುಂಟು. ಹಾಗೆ ಕೊಟ್ಟವರು ಬಹಳ ಕಡಿಮೆ. ಆ ದರ ಬೀಳುತ್ತಿದ್ದುದು ಆದಾಯದ ಕೊನೆಯ ತುಂಡಿನ ಮೇಲೆ ಮಾತ್ರ; ಆ ತುಂಡನ್ನು ಬೇರೆ ಹೆಸರಿನಲ್ಲಿ ತೋರಿಸಲು ದಾರಿಗಳೂ ಬೇಕಾದಷ್ಟಿದ್ದವು. ಕಾಗದದ ಮೇಲಿನ ದರ ಒಂದು, ನಿಜವಾಗಿ ಕಟ್ಟುವ ತೆರಿಗೆ ಇನ್ನೊಂದು. ಈ ವ್ಯತ್ಯಾಸ ತಿಳಿಯದಿದ್ದರೆ ಮುಂದಿನ ಯಾವ ಮಾತೂ ತಿಳಿಯುವುದಿಲ್ಲ.

ಮೂವರ ಲೆಕ್ಕ

ಅಮೆರಿಕದಲ್ಲಿ ಏಳು ಸ್ಲ್ಯಾಬ್‌ಗಳಿವೆ: ಶೇ. 10, 12, 22, 24, 32, 35 ಮತ್ತು 37. ನಮ್ಮಲ್ಲಿಯಂತೆ ಅಲ್ಲೂ ಆದಾಯವನ್ನು ತುಂಡು ತುಂಡಾಗಿ ನೋಡುತ್ತಾರೆ. ಆಯಾ ತುಂಡಿಗೆ ಆಯಾ ದರ. ಸಂಬಳ ಏರಿ ಮೇಲಿನ ಸ್ಲ್ಯಾಬ್‌ಗೆ ಹೋದರೆ ಇಡೀ ಸಂಬಳಕ್ಕೆ ಹೆಚ್ಚಿನ ದರ ಬಿದ್ದು ನಷ್ಟವಾಗುತ್ತದೆ ಎಂಬ ಹೆದರಿಕೆ ಅಲ್ಲೂ ಇದೆ, ಇಲ್ಲೂ ಇದೆ. ಅದು ತಪ್ಪು ತಿಳಿವಳಿಕೆ.

2024ರ ದರಗಳನ್ನೇ ಹಿಡಿದು ಮೂವರು ಕಾಲ್ಪನಿಕ ವ್ಯಕ್ತಿಗಳ ಲೆಕ್ಕ ಮಾಡೋಣ. ಮೂವರೂ ಅವಿವಾಹಿತರು, ಮಕ್ಕಳಿಲ್ಲ, ಬೇರೆ ಯಾವ ವಿನಾಯಿತಿಯೂ ಇಲ್ಲ ಎಂದಿಟ್ಟುಕೊಳ್ಳೋಣ.

ಮೊದಲನೆಯವರು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವರು. ವರ್ಷದ ಸಂಬಳ 60,000 ಡಾಲರ್. ಸ್ಟ್ಯಾಂಡರ್ಡ್ ಡಿಡಕ್ಷನ್ 14,600 ಡಾಲರ್ ಕಳೆದರೆ ತೆರಿಗೆಗೆ ಒಳಪಡುವುದು 45,400. ಅದರಲ್ಲಿ ಮೊದಲ 11,600ಕ್ಕೆ ಶೇ. 10, ಉಳಿದ 33,800ಕ್ಕೆ ಶೇ. 12. ಒಟ್ಟು ಆದಾಯ ತೆರಿಗೆ 5,216 ಡಾಲರ್, ಅಂದರೆ ಸಂಬಳದ ಸುಮಾರು ಶೇ. 8.7. ಇದಲ್ಲದೆ ಸೋಶಿಯಲ್ ಸೆಕ್ಯೂರಿಟಿ ಎಂಬ ಪಿಂಚಣಿ ನಿಧಿಗೆ ಶೇ. 6.2, ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ನಿಧಿಗೆ ಶೇ. 1.45 ಸಂಬಳದಲ್ಲೇ ಕಡಿತವಾಗುತ್ತದೆ. ಇದಕ್ಕೆ ಯಾವ ಡಿಡಕ್ಷನ್ನೂ ಇಲ್ಲ, ಮೊದಲ ಡಾಲರಿನಿಂದಲೇ ಕಡಿತ. ಅದು 4,590 ಡಾಲರ್. ಎರಡೂ ಸೇರಿ 9,806.

ಎರಡನೆಯವರು ಅದೇ ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸಕರು. ಸಂಬಳ 6 ಲಕ್ಷ ಡಾಲರ್. ಶೇ. 35ರ ಸ್ಲ್ಯಾಬ್‌ವರೆಗೂ ಹೋಗುತ್ತಾರೆ. ಆದಾಯ ತೆರಿಗೆ ಸುಮಾರು 1,75,265 ಡಾಲರ್, ಸಂಬಳದ ಶೇ. 29ಕ್ಕಿಂತ ತುಸು ಹೆಚ್ಚು. ಲ್ಯಾಬ್‌ನವರಿಗಿಂತ ಸಂಬಳ ಹತ್ತು ಪಟ್ಟು, ಆದಾಯ ತೆರಿಗೆ ಮೂವತ್ತಮೂರು ಪಟ್ಟಿಗೂ ಹೆಚ್ಚು. ಆದರೆ ಸೋಶಿಯಲ್ ಸೆಕ್ಯೂರಿಟಿ ಕಡಿತಕ್ಕೆ ಮೇಲಿನ ಮಿತಿಯಿದೆ: 2024ರಲ್ಲಿ 1,68,600 ಡಾಲರ್ ದಾಟಿದ ಸಂಬಳಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಇವರ ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ಕಡಿತ, ಹೆಚ್ಚು ಸಂಬಳದವರಿಗಿರುವ ಮೆಡಿಕೇರ್‌ನ ಹೆಚ್ಚುವರಿ ಶೇ. 0.9 ಸೇರಿಯೂ, ಸುಮಾರು 22,750 ಡಾಲರ್. ಸಂಬಳದ ಶೇ. 4ಕ್ಕಿಂತ ಕಡಿಮೆ. ಲ್ಯಾಬ್‌ನವರಿಗೆ ಇದೇ ಬಾಬ್ತು ಶೇ. 7.65. ಎಲ್ಲ ಸೇರಿ ವೈದ್ಯರು ಕಟ್ಟುವುದು ಸುಮಾರು 1,98,000 ಡಾಲರ್.

ಮೂರನೆಯವರಿಗೆ ಸಂಬಳವಿಲ್ಲ. ಬಹುಕಾಲದಿಂದ ಇಟ್ಟುಕೊಂಡಿದ್ದ ಶೇರುಗಳನ್ನು ಆ ವರ್ಷ ಮಾರಿದರು. ಬಂದ ಲಾಭ ಬರಾಬರ್ 6 ಲಕ್ಷ ಡಾಲರ್. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಆಸ್ತಿಯ ಮಾರಾಟದ ಲಾಭಕ್ಕೆ ಅಮೆರಿಕದಲ್ಲಿ ಬೇರೆಯೇ ದರ: ಮೊದಲ ತುಂಡಿಗೆ ಸೊನ್ನೆ, ಆಮೇಲೆ ಶೇ. 15, ಮೇಲಿನದಕ್ಕೆ ಶೇ. 20. ಎರಡು ಲಕ್ಷ ಡಾಲರ್ ಮೀರಿದ ಭಾಗಕ್ಕೆ ಇನ್ನೊಂದು ಶೇ. 3.8 ಸೇರುತ್ತದೆ. ಸೋಶಿಯಲ್ ಸೆಕ್ಯೂರಿಟಿ ಕಡಿತ ಇಲ್ಲವೇ ಇಲ್ಲ. ಎಲ್ಲ ಕೂಡಿಸಿದರೆ ಇವರು ಕಟ್ಟುವುದು ಸುಮಾರು 99,280 ಡಾಲರ್, ಶೇ. 16.5.

ರಾತ್ರಿ ಹಗಲೆನ್ನದೆ ಆಪರೇಷನ್ ಥಿಯೇಟರಿನಲ್ಲಿ ನಿಂತವರು ಸುಮಾರು 1,98,000 ಕಟ್ಟಿದರು. ಅಷ್ಟೇ ಹಣ ಶೇರಿನಿಂದ ಬಂದವರು ಅದರ ಅರ್ಧ ಕಟ್ಟಿದರು. ಇಬ್ಬರೂ ಕಾನೂನು ಪಾಲಿಸಿದವರೇ, ಇಬ್ಬರಲ್ಲಿ ಯಾರೂ ಕಳ್ಳರಲ್ಲ.

ನನ್ನ ದೃಷ್ಟಿಯಲ್ಲಿ ‘ನ್ಯಾಯವಾದ ಪಾಲಿನ’ ಚರ್ಚೆಯ ತಿರುಳು ಇಲ್ಲಿದೆ. ಶ್ರೀಮಂತರು ಮತ್ತು ಬಡವರು ಎಂದು ಎರಡೇ ಗುಂಪು ಮಾಡಿ ಜಗಳವಾಡುವವರು, ಬೆವರಿನಿಂದ ಬರುವ ಹಣ ಮತ್ತು ಹಣದಿಂದ ಬರುವ ಹಣ ಎಂಬ ಇನ್ನೊಂದು ಭೇದವನ್ನು ಮರೆಯುತ್ತಾರೆ.

ಎರಡೂ ಪಕ್ಷದ ಅಂಕಿಗಳು

ಈಗ ಅವರವರ ಅಂಕಿಗಳನ್ನು ನೋಡೋಣ. ಅಮೆರಿಕದ ತೆರಿಗೆ ಇಲಾಖೆಯ 2022ರ ಲೆಕ್ಕದಂತೆ, ತೆರಿಗೆದಾರರಲ್ಲಿ ಅತಿ ಹೆಚ್ಚು ಆದಾಯವಿರುವ ಶೇ. 1 ಮಂದಿ (ಆದಾಯ ಸುಮಾರು 6 ಲಕ್ಷ 63 ಸಾವಿರ ಡಾಲರಿಗಿಂತ ಮೇಲೆ) ಒಟ್ಟು ಆದಾಯದ ಶೇ. 22ರಷ್ಟನ್ನು ಗಳಿಸಿ, ಒಟ್ಟು ಫೆಡರಲ್ ಆದಾಯ ತೆರಿಗೆಯ ಶೇ. 40ರಷ್ಟನ್ನು ಕಟ್ಟಿದ್ದಾರೆ. ಕೆಳಗಿನ ಅರ್ಧದಷ್ಟು ತೆರಿಗೆದಾರರು ಆದಾಯದ ಶೇ. 11.5ರಷ್ಟನ್ನು ಗಳಿಸಿ ತೆರಿಗೆಯ ಶೇ. 3ರಷ್ಟನ್ನು ಮಾತ್ರ ಕಟ್ಟಿದ್ದಾರೆ. ‘ಇನ್ನೆಷ್ಟು ಕೊಡಬೇಕು’ ಎಂದು ಕೇಳುವವರ ಕೈಯಲ್ಲಿರುವುದು ಈ ಅಂಕಿ. ಇದು ಸುಳ್ಳಲ್ಲ. ಫೆಡರಲ್ ಆದಾಯ ತೆರಿಗೆ ಮೇಲಿನವರ ಮೇಲೆ ಹೆಚ್ಚು ಭಾರ ಹಾಕುವ ತೆರಿಗೆ ಎಂಬುದನ್ನು ಒಪ್ಪಲೇಬೇಕು.

ಆದರೆ ಫೆಡರಲ್ ಸರಕಾರದ ಒಟ್ಟು ವರಮಾನದಲ್ಲಿ ಆದಾಯ ತೆರಿಗೆಯ ಪಾಲು ಸುಮಾರು ಅರ್ಧ. 2024ರ ಹಣಕಾಸು ವರ್ಷದಲ್ಲಿ ಒಟ್ಟು ವರಮಾನ ಸುಮಾರು 4.9 ಲಕ್ಷ ಕೋಟಿ ಡಾಲರ್. ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬಂದದ್ದು ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್‌ನಂತಹ ಸಂಬಳದ ಕಡಿತಗಳಿಂದ. ಈ ಕಡಿತದ ಭಾರ ಕೆಳಗಿನವರಿಗೇ ಹೆಚ್ಚು. ಆದಾಯ ತೆರಿಗೆಯನ್ನು ಮಾತ್ರ ಎತ್ತಿ ತೋರಿಸುವುದೆಂದರೆ ಮದುವೆ ಊಟದ ಖರ್ಚಿನಲ್ಲಿ ಮಾಂಸದ ಬಿಲ್ಲನ್ನು ಮಾತ್ರ ತೋರಿಸಿದ ಹಾಗೆ.

2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರೋಮ್ನಿಯವರು ಖಾಸಗಿ ಕೂಟವೊಂದರಲ್ಲಿ ಆಡಿದ ಮಾತು ಇದೇ ಕಾರಣಕ್ಕೆ ಅವರಿಗೆ ತೊಂದರೆ ತಂದಿತು. ಶೇ. 47 ಮಂದಿ ಆದಾಯ ತೆರಿಗೆ ಕೊಡುವುದಿಲ್ಲ, ಅವರು ಸರಕಾರವನ್ನೇ ನೆಚ್ಚಿಕೊಂಡವರು ಎಂಬರ್ಥದ ಮಾತು ಅದು. ಅಂಕಿ ಆ ಕಾಲದ ಅಂದಾಜಿಗೆ ಹತ್ತಿರವೇ ಇತ್ತು. ಆದರೆ ಅವರಲ್ಲಿ ದೊಡ್ಡ ಭಾಗ ದುಡಿಯುವ ಜನ, ಸಂಬಳದಿಂದ ಈ ಕಡಿತಗಳನ್ನು ಕೊಡುತ್ತಿದ್ದವರು. ಉಳಿದವರಲ್ಲಿ ಹೆಚ್ಚಿನವರು ದುಡಿದು ದಣಿದ ವೃದ್ಧರು. 1975ರಿಂದ ಜಾರಿಯಲ್ಲಿರುವ ಒಂದು ರಿಯಾಯಿತಿಯಂತೆ ಕಡಿಮೆ ಆದಾಯದ ದುಡಿಯುವ ಕುಟುಂಬಗಳಿಗೆ, ಮುಖ್ಯವಾಗಿ ಮಕ್ಕಳಿರುವವರಿಗೆ, ಆದಾಯ ತೆರಿಗೆ ಸೊನ್ನೆಯಾಗುವುದಲ್ಲದೆ ಸರಕಾರವೇ ಸ್ವಲ್ಪ ಹಣ ಹಿಂತಿರುಗಿಸುವುದೂ ಉಂಟು. ಇದನ್ನು ಎರಡೂ ಪಕ್ಷಗಳು ಸೇರಿ ಬೆಳೆಸಿದವು ಎಂಬುದನ್ನು ಈಗ ಎರಡೂ ಪಕ್ಷದವರು ನೆನಪಿಸಿಕೊಳ್ಳುವುದಿಲ್ಲ. ಇದರ ಮೇಲೆ ಅಂಗಡಿಯಲ್ಲಿ ಕೊಡುವ ಮಾರಾಟ ತೆರಿಗೆ ಬೇರೆ, ರಾಜ್ಯಗಳ ತೆರಿಗೆ ಬೇರೆ.

ನಮ್ಮವರ ಲೆಕ್ಕ ಇನ್ನೂ ಸ್ವಲ್ಪ ಬೇರೆ. ಇಲ್ಲಿಂದ ಓದಲು ಹೋದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಸೋಶಿಯಲ್ ಸೆಕ್ಯೂರಿಟಿ ಕಡಿತವಿಲ್ಲ. ಭಾರತ–ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ, ಬೇರೆ ಹೆಚ್ಚಿನ ದೇಶಗಳ ವಿದ್ಯಾರ್ಥಿಗಳಿಗಿಲ್ಲದ ಸ್ಟ್ಯಾಂಡರ್ಡ್ ಡಿಡಕ್ಷನ್ ನಮ್ಮ ಮಕ್ಕಳಿಗೆ ಸಿಗುತ್ತದೆ. ಆದರೆ ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಸೇರಿದವರಿಂದ ಅಮೆರಿಕನ್ನರಂತೆಯೇ ಎಲ್ಲ ಕಡಿತವೂ ಆಗುತ್ತದೆ. ಪಿಂಚಣಿಗೆ ಅರ್ಹರಾಗಲು ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಆರೇಳು ವರ್ಷ ದುಡಿದು ಊರಿಗೆ ಮರಳಿದವರ ಹಣ ಅಲ್ಲೇ ಉಳಿಯುತ್ತದೆ. ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳೊಂದಿಗೆ ಭಾರತಕ್ಕೆ ಈ ಬಗ್ಗೆ ಒಪ್ಪಂದವಿದೆ. ಅಮೆರಿಕದೊಂದಿಗೆ ಇನ್ನೂ ಆಗಿಲ್ಲ. ಅಮೆರಿಕದ ವೃದ್ಧರ ಪಿಂಚಣಿಗೆ ನಮ್ಮ ಊರಿನ ಮಕ್ಕಳು ಸದ್ದಿಲ್ಲದೆ ಕೊಡುತ್ತಿರುವ ಪಾಲು ಇದು. ‘ನ್ಯಾಯವಾದ ಪಾಲಿನ’ ಭಾಷಣಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.

ಮಾರದ ಶೇರು, ಕಾಣದ ಆದಾಯ

ತುತ್ತತುದಿಯ ಶ್ರೀಮಂತರ ವಿಷಯ ನಮ್ಮ ವೈದ್ಯರಿಗಿಂತ ಬೇರೆ. 2011ರಲ್ಲಿ ಹೂಡಿಕೆದಾರ ವಾರನ್ ಬಫೆಟ್ ತಾವೇ ಪತ್ರಿಕೆಗೆ ಬರೆದು, ಹಿಂದಿನ ವರ್ಷ ತಾವು ಕಟ್ಟಿದ ಫೆಡರಲ್ ತೆರಿಗೆ ತಮ್ಮ ತೆರಿಗೆಯೋಗ್ಯ ಆದಾಯದ ಶೇ. 17.4 ಮಾತ್ರ, ತಮ್ಮ ಕಚೇರಿಯ ಉಳಿದ ಇಪ್ಪತ್ತು ಮಂದಿಯದು ಸರಾಸರಿ ಶೇ. 36 ಎಂದು ತಿಳಿಸಿದರು. ಸಂಬಳದ ಕಡಿತಗಳನ್ನೂ ಸೇರಿಸಿದ ಲೆಕ್ಕ ಅದು. ಕೋಟ್ಯಧಿಪತಿಯ ಪಾಲು ಅವರ ಕಚೇರಿಯ ಸಿಬ್ಬಂದಿಯ ಅರ್ಧದಷ್ಟು. ಹತ್ತು ಲಕ್ಷ ಡಾಲರ್ ಮೀರಿದ ಆದಾಯದವರು ಕನಿಷ್ಠ ಶೇ. 30 ಕೊಡಬೇಕೆಂದು ಅಧ್ಯಕ್ಷ ಒಬಾಮಾ ಮಂಡಿಸಿದ ಪ್ರಸ್ತಾಪಕ್ಕೆ ಬಫೆಟ್ ಅವರ ಹೆಸರೇ ಬಂತು. 2012ರ ಏಪ್ರಿಲ್‌ನಲ್ಲಿ ಅದು ಸೆನೆಟ್‌ನಲ್ಲಿ ಮುಂದೆ ಸಾಗಲಿಲ್ಲ.

ಅದಕ್ಕಿಂತ ದೊಡ್ಡ ಗಂಟು ಇನ್ನೊಂದಿದೆ. ಶೇರಿನ ಬೆಲೆ ಏರಿದರೆ ತೆರಿಗೆಯಿಲ್ಲ. ಮಾರಿದಾಗ ಮಾತ್ರ ತೆರಿಗೆ. ದೊಡ್ಡ ಕುಳಗಳು ಮಾರುವುದೇ ಇಲ್ಲ. ಶೇರುಗಳನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆದು ಖರ್ಚು ಮಾಡುತ್ತಾರೆ. ಸಾಲ ಆದಾಯವಲ್ಲ, ಆದ್ದರಿಂದ ತೆರಿಗೆಯಿಲ್ಲ. ಸತ್ತ ಮೇಲೆ ಶೇರು ಮಕ್ಕಳ ಕೈಗೆ ಹೋಗುವಾಗ, ಅವರು ಅಂದಿನ ಬೆಲೆಗೇ ಕೊಂಡರೆಂದು ಕಾನೂನು ಎಣಿಸುತ್ತದೆ. ಹತ್ತು ಡಾಲರಿಗೆ ಕೊಂಡದ್ದು ಸಾವಿರ ಡಾಲರಾಗಿದ್ದರೂ, ನಡುವಿನ 990 ಡಾಲರ್ ಲಾಭಕ್ಕೆ ಯಾರೂ ಆದಾಯ ತೆರಿಗೆ ಕಟ್ಟುವುದಿಲ್ಲ. ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯೊಂದು ಇದೆ ನಿಜ; ಆದರೆ 2026ರಿಂದ ಒಬ್ಬರಿಗೆ ಒಂದೂವರೆ ಕೋಟಿ ಡಾಲರ್‌ವರೆಗೆ ಅದರಿಂದ ವಿನಾಯಿತಿ. ಏರಿದ ಆದರೆ ಮಾರದ ಶೇರಿನ ಬೆಲೆಯನ್ನೂ ಆದಾಯವೆಂದು ಲೆಕ್ಕ ಹಿಡಿದು 2021ರಲ್ಲಿ ಶ್ವೇತಭವನದ ಅರ್ಥಶಾಸ್ತ್ರಜ್ಞರು ಅಂದಾಜಿಸಿದಾಗ, ಅತಿ ಶ್ರೀಮಂತ 400 ಕುಟುಂಬಗಳು 2010ರಿಂದ 2018ರವರೆಗೆ ಕಟ್ಟಿದ ಆದಾಯ ತೆರಿಗೆ ಸರಾಸರಿ ಶೇ. 8.2 ಎಂದು ಕಂಡುಬಂತು. ನಮ್ಮ ಲ್ಯಾಬ್ ನೌಕರರ ಶೇ. 8.7ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಹಗುರವಾಗಿ ತಳ್ಳಿಬಿಡುವುದು ಸರಿಯಲ್ಲ. ಕೈಗೆ ಬಾರದ ಹಣವನ್ನು ಆದಾಯವೆನ್ನುವುದು ಹೇಗೆ, ನಾಳೆ ಶೇರು ಬಿದ್ದರೆ ಸರಕಾರ ತೆರಿಗೆ ಹಿಂತಿರುಗಿಸುತ್ತದೆಯೇ ಎಂದು ಕೇಳುತ್ತಾರೆ. ಕಂಪೆನಿ ತನ್ನ ಲಾಭದ ಮೇಲೆ ಈಗಾಗಲೇ ಶೇ. 21 ತೆರಿಗೆ ಕಟ್ಟಿದೆ, ಶೇರುದಾರರಿಂದ ಮತ್ತೆ ಪೂರ್ತಿ ದರದಲ್ಲಿ ವಸೂಲು ಮಾಡಿದರೆ ಒಂದೇ ಲಾಭಕ್ಕೆ ಎರಡು ತೆರಿಗೆ ಎನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಬೆಲೆಯೇರಿಕೆಯೂ ಆಗಿರುವುದರಿಂದ ಲಾಭದ ಒಂದಂಶ ಬರೀ ಕಾಗದದ ಲಾಭ. ನಮ್ಮ ಕಡೆ ಅಜ್ಜನ ಕಾಲದ ಜಾಗ ಮಾರಿದವರಿಗೆ ಈ ಮಾತು ಬೇಗ ಅರ್ಥವಾದೀತು. ಈ ವಾದಗಳಿಂದ ದರ ಸ್ವಲ್ಪ ಕಡಿಮೆಯಿರಬಹುದು ಎಂಬುದು ಸಾಬೀತಾಗಬಹುದು. ಸಾವಿನೊಂದಿಗೆ ತೆರಿಗೆಯೂ ಅಳಿಸಿಹೋಗಬೇಕು ಎಂಬುದು ಮಾತ್ರ ಇದರಿಂದ ಸಾಬೀತಾಗುವುದಿಲ್ಲ.

ಧರ್ಮಸಭೆ ಏನನ್ನುತ್ತದೆ?

ಪವಿತ್ರ ಬೈಬಲ್ ಸುಂಕದ ಕಟ್ಟೆಗೆ ಅಪರಿಚಿತವಲ್ಲ. ಮತ್ತಾಯ ಸುಂಕದ ಕಟ್ಟೆಯಿಂದಲೇ ಎದ್ದು ಬಂದವನು. ಜಕ್ಕಾಯ ಮೋಸದಿಂದ ವಸೂಲು ಮಾಡಿದ್ದರೆ ನಾಲ್ಕು ಪಟ್ಟು ಹಿಂತಿರುಗಿಸುವೆನೆಂದು ಮಾತು ಕೊಟ್ಟವನು. ತೆರಿಗೆ ಸಲ್ಲಬೇಕಾದವರಿಗೆ ತೆರಿಗೆ ಸಲ್ಲಿಸಿರೆಂದು ಸಂತ ಪೌಲರು ರೋಮಿನ ವಿಶ್ವಾಸಿಗಳಿಗೆ ಬರೆದರು. ಕಥೋಲಿಕ ಧರ್ಮೋಪದೇಶದ ಗ್ರಂಥವು ತೆರಿಗೆ ಕಟ್ಟುವುದನ್ನು ಮತದಾನದ ಸಾಲಿನಲ್ಲಿಟ್ಟು ನೈತಿಕ ಕರ್ತವ್ಯ ಎನ್ನುತ್ತದೆ (2240). ತೆರಿಗೆ ವಂಚನೆಯನ್ನು ಏಳನೆಯ ಆಜ್ಞೆಯ ಉಲ್ಲಂಘನೆಗಳ ನಡುವೆ ಎಣಿಸುತ್ತದೆ (2409). ಪಾಪನಿವೇದನೆಗೆ ಬರುವವರು ಈ ಪಾಪವನ್ನು ಹೇಳುವುದು ಅಪರೂಪ ಎಂದಷ್ಟೇ ಹೇಳಿದರೆ ಗುಟ್ಟು ಒಡೆದಂತಾಗಲಿಕ್ಕಿಲ್ಲ.

ಇದು ಕಟ್ಟುವವರ ಕರ್ತವ್ಯವಾಯಿತು. ವಿಧಿಸುವವರ ಕರ್ತವ್ಯವೇನು? ಹದಿಮೂರನೆಯ ಲಿಯೋ ಅವರು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಎಚ್ಚರಿಸಿದ್ದು, ನಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು, ಹೆಚ್ಚು ತೆರಿಗೆಯ ವಿರುದ್ಧ. ನ್ಯಾಯ ಮೀರಿ ಖಾಸಗಿ ಸೊತ್ತನ್ನು ತೆರಿಗೆಯ ಹೆಸರಿನಲ್ಲಿ ಹೀರುವ ಸರಕಾರ ಕ್ರೂರವಾದದ್ದು ಎಂದರು ಅವರು. ಅಂದು ಬಡ ಕಾರ್ಮಿಕ ಉಳಿತಾಯ ಮಾಡಿ ಒಂದು ತುಂಡು ಜಾಗ ಕೊಳ್ಳುವಂತಾಗಬೇಕು ಎಂಬ ಕಾಳಜಿಯಿಂದ ಬಂದ ಮಾತು ಅದು. ಎಪ್ಪತ್ತು ವರ್ಷಗಳ ನಂತರ, 1961ರಲ್ಲಿ, ಇಪ್ಪತ್ತಮೂರನೆಯ ಜಾನ್ ‘ಮಾತೆರ್ ಎತ್ ಮಜಿಸ್ತ್ರಾ’ದಲ್ಲಿ ತೆರಿಗೆಯ ಭಾರ ಹೊರುವವರ ಶಕ್ತಿಗೆ ತಕ್ಕಂತಿರಬೇಕು ಎಂಬ ಸೂತ್ರವನ್ನು ಹೇಳಿದರು. ಎರಡೂ ಮಾತು ಒಂದಕ್ಕೊಂದು ವಿರುದ್ಧವಲ್ಲ. ಅಳತೆಗೋಲು ಎರಡರಲ್ಲೂ ಒಂದೇ: ಕೊಟ್ಟ ಮೇಲೆ ಮನುಷ್ಯನ ಬಳಿ ಏನು ಉಳಿಯುತ್ತದೆ?

ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯ ವಿಷಯದಲ್ಲಿ ಯೇಸುಸ್ವಾಮಿ ಮಾಡಿದ ಲೆಕ್ಕವೂ ಇದೇ. ಪೆಟ್ಟಿಗೆಯಲ್ಲಿದ್ದ ಒಟ್ಟು ಹಣದಲ್ಲಿ ಆಕೆಯ ಪಾಲು ಎಷ್ಟೆಂದು ನೋಡಿದರೆ ಏನೂ ಇಲ್ಲ. ಶ್ರೀಮಂತರು ಮಿಕ್ಕಿದ್ದರಲ್ಲಿ ಕೊಟ್ಟರು, ಆಕೆ ಬದುಕಿಗೆ ಬೇಕಾದದ್ದನ್ನೇ ಕೊಟ್ಟಳು. ‘ಮೇಲಿನ ಶೇ. 1 ಮಂದಿ ತೆರಿಗೆಯ ಶೇ. 40 ಕೊಡುತ್ತಾರೆ’ ಎಂಬ ಅಂಕಿ ಸರಿಯಾಗಿದ್ದರೂ ಸಾಲದೆ ಹೋಗುವುದು ಇದಕ್ಕೇ. ಅದು ಪೆಟ್ಟಿಗೆಯನ್ನು ಎಣಿಸುತ್ತದೆ, ಜೇಬನ್ನು ಎಣಿಸುವುದಿಲ್ಲ.

ಅಮೆರಿಕದ ಧರ್ಮಾಧ್ಯಕ್ಷರು 1986ರಲ್ಲಿ ಆರ್ಥಿಕ ನ್ಯಾಯದ ಬಗ್ಗೆ ಹೊರಡಿಸಿದ ಸಾಮೂಹಿಕ ಪತ್ರದಲ್ಲಿ ಈ ತತ್ವವನ್ನು ತಮ್ಮ ದೇಶದ ತೆರಿಗೆಗೆ ನೇರವಾಗಿ ಅನ್ವಯಿಸಿದರು. ಸಮಾಜದ ಅಗತ್ಯಗಳಿಗೆ, ಅದರಲ್ಲೂ ಬಡವರ ಮೂಲ ಅಗತ್ಯಗಳಿಗೆ ಸಾಕಾಗುವಷ್ಟು ತೆರಿಗೆ ಬರಬೇಕು. ಹೆಚ್ಚು ಉಳ್ಳವರು ಹೆಚ್ಚಿನ ದರದಲ್ಲಿ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಂದ ಆದಾಯ ತೆರಿಗೆ ಪಡೆಯಲೇಬಾರದು ಎಂದರು. ಅದೇ ವರ್ಷ ರೀಗನ್ ಸಹಿ ಹಾಕಿದ ತೆರಿಗೆ ಸುಧಾರಣೆಯ ಕಾನೂನು ಲಕ್ಷಾಂತರ ಬಡವರನ್ನು ಆದಾಯ ತೆರಿಗೆಯಿಂದ ಬಿಡುಗಡೆ ಮಾಡಿತು. ಆ ಕಾನೂನಿನ ಇನ್ನೊಂದು ವಿಶೇಷ ಈಗ ಹೆಚ್ಚಿನವರಿಗೆ ಮರೆತುಹೋಗಿದೆ: ಅದು ಸಂಬಳಕ್ಕೂ ಶೇರಿನ ಲಾಭಕ್ಕೂ ಒಂದೇ ಗರಿಷ್ಠ ದರವನ್ನು, ಶೇ. 28ನ್ನು, ನಿಗದಿಮಾಡಿತ್ತು. ಆ ಸಮಾನತೆ ಕೆಲವೇ ವರ್ಷ ಬಾಳಿತು.

ನನಗೆ ಮುಖ್ಯವೆನಿಸುವ ದಾಖಲೆ ಇನ್ನೊಂದು. ಎರಡನೆಯ ಜಾನ್ ಪೌಲ್ 1981ರ ‘ಲಾಬೊರೆಮ್ ಎಕ್ಸೆರ್ಚೆನ್ಸ್’ನಲ್ಲಿ ಬಂಡವಾಳಕ್ಕಿಂತ ದುಡಿಮೆಗೆ ಆದ್ಯತೆ ಎಂಬ ತತ್ವವನ್ನು ಸ್ಪಷ್ಟವಾಗಿ ಮುಂದಿಟ್ಟರು. ದುಡಿಮೆ ಎಂದರೆ ಮನುಷ್ಯ. ಬಂಡವಾಳ ಎಂದರೆ ವಸ್ತು. ಆ ಪತ್ರ ತೆರಿಗೆ ದರಗಳನ್ನು ಹೇಳಲು ಬರೆದದ್ದಲ್ಲ. ಆದರೂ ಅದನ್ನು ಓದಿ, ಒಂದೇ ಮೊತ್ತಕ್ಕೆ ವೈದ್ಯರಿಂದ 1,98,000 ಡಾಲರನ್ನೂ ಶೇರುದಾರರಿಂದ 99,280 ಡಾಲರನ್ನೂ ಪಡೆಯುವ ಪದ್ಧತಿಯನ್ನು ನೋಡಿದರೆ, ಆದ್ಯತೆ ಯಾರಿಗೆ ಸಿಕ್ಕಿದೆ ಎಂದು ಕೇಳದಿರಲಾಗದು. ಎಷ್ಟು ಶೇಕಡಾ ನ್ಯಾಯವೆಂದು ಧರ್ಮಸಭೆ ಹೇಳುವುದಿಲ್ಲ, ಹೇಳಬೇಕಾದದ್ದೂ ಇಲ್ಲ. ಅದು ಶಾಸಕರ, ಮತದಾರರ ಕೆಲಸ. ದುಡಿದವರಿಗಿಂತ ದುಡಿಯದ ಹಣಕ್ಕೆ ಹಗುರವಾದ ತಕ್ಕಡಿ ಹಿಡಿಯುವವರು ಅದಕ್ಕೆ ಬಲವಾದ ಕಾರಣ ಕೊಡಬೇಕು ಎಂದು ಮಾತ್ರ ಅದರ ಬೋಧನೆಯಿಂದ ಹೇಳಬಹುದು.

ದಿವಂಗತ ಪೋಪ್ ಫ್ರಾನ್ಸಿಸ್ 2022ರ ಜನವರಿಯಲ್ಲಿ ಇಟಲಿಯ ತೆರಿಗೆ ಇಲಾಖೆಯ ಅಧಿಕಾರಿಗಳನ್ನು ವ್ಯಾಟಿಕನ್‌ನಲ್ಲಿ ಭೇಟಿಯಾದಾಗ ಇನ್ನೊಂದು ಬದಿಯನ್ನೂ ನೆನಪಿಸಿದರು: ಹಣ ಎಲ್ಲಿಗೆ ಹೋಗುತ್ತದೆಂದು ಜನರಿಗೆ ತಿಳಿಯದಿದ್ದರೆ ತೆರಿಗೆ ಕೈಹಾಕಿ ಕಿತ್ತುಕೊಂಡಂತೆ ಕಾಣುತ್ತದೆ. ಬಡವರ ಘನತೆಯನ್ನು ಕಾಯಲು ಅದು ಬಳಕೆಯಾಗಬೇಕು. 2025ರ ಜುಲೈಯಲ್ಲಿ ಅಮೆರಿಕದ ಹೊಸ ಕಾನೂನು ತೆರಿಗೆ ಕಡಿತಗಳನ್ನು ಕಾಯಂಗೊಳಿಸಿ, ಜೊತೆಗೇ ಬಡವರ ವೈದ್ಯಕೀಯ ಮತ್ತು ಆಹಾರ ನೆರವನ್ನು ಕಡಿತ ಮಾಡಿದಾಗ, ಆಗ ಅಲ್ಲಿನ ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷರಾಗಿದ್ದ ಮಹಾಧರ್ಮಾಧ್ಯಕ್ಷ ತಿಮೊಥಿ ಬ್ರೊಲಿಯೊ ಬಹಿರಂಗವಾಗಿ ಆಕ್ಷೇಪಿಸಿದ್ದರ ಹಿಂದೆ ಇದೇ ಚಿಂತನೆಯಿದೆ.

ನಮ್ಮ ಅಂಗಳ

ಇಷ್ಟು ಹೇಳಿದ ಮೇಲೆ ಧರ್ಮಗುರುಗಳೇನು ಕೊಡುತ್ತಾರೆ ಎಂದು ಓದುಗರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ಧರ್ಮಪ್ರಾಂತ್ಯದ ಗುರುಗಳು ತಮ್ಮ ಸಂಬಳದ ಮೇಲೆ ಆದಾಯ ತೆರಿಗೆ ಕಟ್ಟುತ್ತಾರೆ. ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ವಿಷಯದಲ್ಲಿ ಅವರನ್ನು ಸ್ವಂತ ಉದ್ಯೋಗಿಗಳೆಂದು ಎಣಿಸುವುದರಿಂದ ಮಾಲೀಕರ ಪಾಲೂ ಸೇರಿ ಶೇ. 15.3 ಅವರ ಮೇಲೇ ಬೀಳುತ್ತದೆ. ಬಡತನದ ವ್ರತ ತೊಟ್ಟ ಮಠವಾಸಿಗಳು ತಮ್ಮ ಸಭೆಯ ಆದೇಶದಂತೆ ಧರ್ಮಸಭೆಯ ಸಂಸ್ಥೆಗಳಲ್ಲಿ ದುಡಿದು ಸಂಬಳವನ್ನು ಸಭೆಗೇ ಒಪ್ಪಿಸಿದರೆ ತೆರಿಗೆಯಿಲ್ಲ. ಹೊರಗಿನವರಲ್ಲಿ ನೌಕರಿ ಮಾಡಿದರೆ ಸಾಮಾನ್ಯವಾಗಿ ಇದೆ.

ನಮ್ಮ ದೇಶದಲ್ಲೂ ಈ ಪ್ರಶ್ನೆ ಬಂತು. ಅನುದಾನಿತ ಶಾಲೆ ಕಾಲೇಜುಗಳಲ್ಲಿ ಕಲಿಸುವ ಧರ್ಮಗುರುಗಳು, ಧರ್ಮಭಗಿನಿಯರ ಸಂಬಳದಿಂದಲೂ ಮೂಲದಲ್ಲೇ ತೆರಿಗೆ ಕಡಿಯಬೇಕೆಂಬ ಮದ್ರಾಸ್ ಹೈಕೋರ್ಟಿನ 2019ರ ತೀರ್ಪನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಂಬಳ ವೈಯಕ್ತಿಕವಾಗಿ ತಮ್ಮದಾಗುವುದಿಲ್ಲ, ಸಭೆಯ ಸೇವಾಕಾರ್ಯಗಳಿಗೆ ಹೋಗುತ್ತದೆ ಎಂಬ ವಾದದಲ್ಲಿ ಸತ್ಯವಿದೆ, ಅನೇಕ ಸಭೆಗಳಿಗೆ ಈ ತೀರ್ಪಿನಿಂದ ಕಷ್ಟವೂ ಆಗಿದೆ. ಆದರೂ ಪಕ್ಕದ ಕ್ಲಾಸಿನ ಟೀಚರಮ್ಮ ಮನೆಸಾಲ, ಮಕ್ಕಳ ಫೀಸಿನ ನಡುವೆಯೂ ಕಟ್ಟುವ ತೆರಿಗೆಯನ್ನು ನಾವು ಕಟ್ಟುವುದಕ್ಕೆ ಹೆಚ್ಚು ಗೊಣಗಬಾರದೆಂದು ನನಗನಿಸುತ್ತದೆ. ಎಲ್ಲ ಸಹೋದರ ಗುರುಗಳೂ ಇದನ್ನು ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತು.

ಮುಂದೇನು?

ಅಮೆರಿಕದಲ್ಲಿ ಈ ಚರ್ಚೆ ಭಾಷಣದಲ್ಲೇ ಮುಗಿಯುವಂತಿಲ್ಲ. ವೃದ್ಧಾಪ್ಯದ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯೂರಿಟಿ ನಿಧಿಯ ಸಂಗ್ರಹ, ಅದರ ಟ್ರಸ್ಟಿಗಳ 2025ರ ವರದಿಯ ಪ್ರಕಾರ, 2033ರಲ್ಲಿ ಬರಿದಾಗಲಿದೆ. ಅಷ್ಟರೊಳಗೆ ಕಾನೂನು ಬದಲಾಗದಿದ್ದರೆ ಪಿಂಚಣಿಯ ಸುಮಾರು ಶೇ. 77 ಮಾತ್ರ ಕೊಡಲು ಸಾಧ್ಯ. ನಲ್ವತ್ತು ವರ್ಷ ಅಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರಿಗೂ ಇದು ಅನ್ವಯಿಸುತ್ತದೆ. ಆಗ ಪಾರ್ಲಿಮೆಂಟಿನ ಮುಂದಿರುವ ದಾರಿಗಳು ಕೆಲವೇ: ಪಿಂಚಣಿ ಕಡಿಯುವುದು, ಎಲ್ಲ ದುಡಿಮೆಗಾರರ ಶೇ. 6.2ನ್ನು ಏರಿಸುವುದು, ಸಂಬಳದ ಮೇಲಿನ ಮಿತಿಯನ್ನು ಎತ್ತಿ ಶಸ್ತ್ರಚಿಕಿತ್ಸಕರಿಂದ ಹೆಚ್ಚು ಪಡೆಯುವುದು, ಅಥವಾ ಇಂದಿನವರೆಗೆ ಈ ನಿಧಿಗೆ ಒಂದು ಡಾಲರನ್ನೂ ಕೊಡದ ಶೇರಿನ ಲಾಭದ ಬಾಗಿಲು ತಟ್ಟುವುದು. ಮೊದಲಿನ ಮೂರರ ಬಗ್ಗೆ ಅಲ್ಲಿ ಆಗಲೇ ಸಾಕಷ್ಟು ಚರ್ಚೆ ನಡೆದಿದೆ. ನಾಲ್ಕನೆಯದನ್ನು ಎತ್ತುವವರು ಇನ್ನೂ ಕಡಿಮೆ.